ಅಕ್ಕನ ಅಂಗಡಿಗೆ ಕನ್ನಡದ ವಿಳಾಸ
ಉಡುಪಿಯ ರಥಬೀದಿಯ ಬಳಿ ಅಕ್ಕ ನಡೆಸುವ ಸೀರೆ ಅಂಗಡಿಗೆ ‘.ಭಾರತ’ ಎಂದು ಮುಗಿಯುವ ಕನ್ನಡದ ಜಾಲವಿಳಾಸ ಪಡೆಯಬೇಕೆಂದು ಇಂದು ಸಂಜೆ ಕುಳಿತೆ. ಕನ್ನಡದಲ್ಲಿ ಬರೆದ ಹೆಸರು, ಜಾಲವಿಳಾಸಗಳನ್ನು ಗುರುತಿಸುವ ಡೊಮೇನ್ ವ್ಯವಸ್ಥೆಯೊಳಗೆ ಹೋಗುವಾಗ, 2003ರಲ್ಲಿ ರೂಪುಗೊಂಡ ಪ್ಯೂನಿಕೋಡ್ ಕ್ರಮದಂತೆ ರೋಮನ್ ಅಕ್ಷರ ಮತ್ತು ಅಂಕಿಗಳ ಸಾಲಾಗಿ ಬದಲಾಗುತ್ತದೆ. ಕೆಲವೊಮ್ಮೆ ಓದುಗರಿಗೆ ಆ ಅರ್ಥವಾಗದ ಸಾಲೇ ಕಾಣಿಸುತ್ತದೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಲಿಪಿಯಲ್ಲೇ ಇದೆ. ‘ಅಂಗಡಿ’ ಎಂಬ ಪದವನ್ನು ತೆಲುಗು ಲಿಪಿಯಲ್ಲಿ ಬರೆದರೂ ಕಣ್ಣಿಗೆ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ, ಆದರೆ ಗಣಕಗಳಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಎರಡೂ ಲಿಪಿಗಳ ಸಂಕೇತಗಳು ಬೇರೆಬೇರೆಯಾಗಿರುವುದರಿಂದ, ಮೋಸದ ವಿಳಾಸಗಳು ಹುಟ್ಟದಂತೆ ನೋಂದಣಿಯ ನಿಯಮಗಳು ಕಾಯಬೇಕಾಗುತ್ತದೆ. ಕನ್ನಡದೊಳಗೂ ಅನುಸ್ವಾರ ಮತ್ತು ಸೊನ್ನೆಯ ಅಂಕಿ ಒಂದೇ ರೂಪದವು. ಆದರೂ ಅಕ್ಕನ ಬಿಲ್ ಪುಸ್ತಕದ ಮೇಲೆ ಕನ್ನಡದ ವಿಳಾಸವೇ ಅಚ್ಚಾಗಬೇಕೆಂದು ನಾವಿಬ್ಬರೂ ನಿರ್ಧರಿಸಿದ್ದೇವೆ.