ಪಿಕ್, ಹಿಕ್‌ಮನ್, ಪೋರ್ಟ್: ಯಾವ ಲೈನ್‌ಗೆ ಸೋಂಕು ಹೆಚ್ಚು?

ಕೀಮೋ ಶುರುವಾಗುವ ಮುಂಚೆ ರೋಗಿಯ ಮನೆಯವರು ಸಾಮಾನ್ಯವಾಗಿ ಕೇಳುವುದು ಇದನ್ನೇ: “ಪಿಕ್ ಹಾಕಿಸೋಣ್ವಾ, ಪೋರ್ಟ್ ಹಾಕಿಸೋಣ್ವಾ, ಇನ್ಫೆಕ್ಷನ್ ಯಾವುದರಲ್ಲಿ ಕಡಿಮೆ?” ಉತ್ತರ ಪೋರ್ಟ್. ಆದರೆ ಆ ಉತ್ತರಕ್ಕೊಂದು ಷರತ್ತಿದೆ. ಮೂರೂ ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೆ ಇಳಿಸಿ ಮೈಯಲ್ಲೇ ಬಿಡುವ ಕೊಳವೆಗಳು, ಅಂದರೆ ಲೈನ್‌ಗಳು. ಪಿಕ್ ತೋಳಿನಿಂದ ಹೋಗುತ್ತದೆ; ಹಿಕ್‌ಮನ್ ಎದೆಯ ಚರ್ಮದಡಿ ಸುರಂಗದಂತೆ ಹಾದು ಹೋಗುತ್ತದೆ; ಪೋರ್ಟ್‌ನಲ್ಲಿ ಕೊಳವೆಗೆ ಜೋಡಿಸಿದ ಪುಟ್ಟ ಡಬ್ಬಿ ಚರ್ಮದಡಿ ಇರುತ್ತದೆ, ಬೇಕಾದಾಗ ಸೂಜಿ ಚುಚ್ಚಿ ಬಳಸುವುದು.

ಮೊದಲು ಲೆಕ್ಕ. 200 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ವಿಮರ್ಶೆಯೊಂದು 2006ರಲ್ಲಿ ಮೇಯೊ ಕ್ಲಿನಿಕ್‌ನ ಪತ್ರಿಕೆಯಲ್ಲಿ ಬಂತು. ಲೈನ್ ಮೈಯಲ್ಲಿದ್ದ ಪ್ರತಿ 1000 ದಿನಕ್ಕೆ ರಕ್ತದ ಸೋಂಕು ಪೋರ್ಟ್‌ನಲ್ಲಿ 0.1, ಮನೆಯಿಂದ ಬಂದುಹೋಗುವವರ ಪಿಕ್‌ನಲ್ಲಿ 1.0, ವಾರ್ಡಿನಲ್ಲಿ ಮಲಗಿದವರ ಪಿಕ್‌ನಲ್ಲಿ 2.1, ಹಿಕ್‌ಮನ್‌ನಂಥ ಟನಲ್ ಲೈನ್‌ನಲ್ಲಿ 1.6. ಐಸಿಯುನಲ್ಲಿ ಕುತ್ತಿಗೆಗೆ ಹಾಕುವ ಸಾದಾ ಸೆಂಟ್ರಲ್ ಲೈನ್ 2.7. ಅಂಕಿ ಹಳೆಯವು, ಯಾವುದು ಹೆಚ್ಚು ಯಾವುದು ಕಡಿಮೆ ಅನ್ನುವುದನ್ನಷ್ಟೇ ನಂಬಬೇಕು. ಅದರಲ್ಲೂ ಒಂದು ಎಚ್ಚರ ಬೇಕು. ಮನೆಯಿಂದ ಬಂದುಹೋಗುವವರ ಪಿಕ್‌ಗಿಂತ ಹಿಕ್‌ಮನ್ ಕೆಟ್ಟದು ಅಂತ ಇದರಿಂದ ಹೇಳಲಾಗದು. ಹಿಕ್‌ಮನ್ ಹೆಚ್ಚಾಗಿ ಬೀಳುವುದು ರಕ್ತ ಕ್ಯಾನ್ಸರ್, ಮಜ್ಜೆ ಕಸಿಯವರಿಗೆ. ಅವರ ಬಿಳಿ ರಕ್ತಕಣ ವಾರಗಟ್ಟಲೆ ನೆಲಕಚ್ಚಿರುತ್ತದೆ. ಅದೇ ಪಿಕ್ ಮನೆಯಲ್ಲಿ 1.0, ವಾರ್ಡಿನಲ್ಲಿ 2.1 ಆಗುವುದನ್ನು ನೋಡಿ. ಕೊಳವೆ ಬದಲಾಗಿಲ್ಲ, ರೋಗಿಯ ಸ್ಥಿತಿಯೂ ಅದನ್ನು ಮುಟ್ಟುವ ಕೈಗಳ ಸಂಖ್ಯೆಯೂ ಬದಲಾಗಿದೆ.

ಕೀಟಾಣು ಒಳಹೋಗಲು ಮುಖ್ಯವಾಗಿ ಎರಡು ದಾರಿ. ಹಾಕಿದ ಮೊದಲ ವಾರ, ಹತ್ತು ದಿನ ಚರ್ಮದ ತೂತಿನಿಂದ ಕೊಳವೆಯ ಹೊರಮೈ ಹಿಡಿದು ಇಳಿಯುತ್ತದೆ. ಆಮೇಲೆ ಹೆಚ್ಚಿನದು ಹಬ್‌ನಿಂದ, ಅಂದರೆ ಸಿರಿಂಜ್ ಜೋಡಿಸುವ ಬಾಯಿಯಿಂದ, ಕೊಳವೆಯ ಒಳಗೇ. ಹಿಕ್‌ಮನ್‌ನಲ್ಲಿ ಚರ್ಮದಡಿ ಡೇಕ್ರಾನ್ ಕಫ್ (ಕೊಳವೆಗೆ ಸುತ್ತಿದ ಬಟ್ಟೆಯಂಥ ಪಟ್ಟಿ) ಇರುತ್ತದೆ; ಎರಡು ಮೂರು ವಾರದಲ್ಲಿ ಅದರೊಳಗೆ ಮಾಂಸ ಬೆಳೆದು ಮೊದಲ ದಾರಿ ಮುಚ್ಚುತ್ತದೆ. ಎರಡನೆಯದನ್ನು ಅದು ತಡೆಯದು. ಪೋರ್ಟ್ ಪೂರ್ತಿ ಚರ್ಮದ ಕೆಳಗಿರುವುದರಿಂದ ಸೂಜಿ ಇಲ್ಲದಾಗ ಎರಡೂ ದಾರಿ ಬಂದ್.

ಷರತ್ತು ಇಲ್ಲೇ ಇದೆ. ಮೂರು ವಾರಕ್ಕೊಮ್ಮೆ ಕೀಮೋ ಆದರೆ ಪೋರ್ಟ್‌ಗೆ ಸಾಟಿಯಿಲ್ಲ. ದಿನಾ ಟಿಪಿಎನ್ (ರಕ್ತನಾಳದ ಮೂಲಕ ಕೊಡುವ ಆಹಾರ), ದಿನಾ ಆ್ಯಂಟಿಬಯೋಟಿಕ್ ಅಂತ ಹ್ಯೂಬರ್ ಸೂಜಿ (ಪೋರ್ಟ್‌ಗೆ ಚುಚ್ಚುವ ವಿಶೇಷ ಸೂಜಿ) ಸದಾ ಚುಚ್ಚಿಕೊಂಡೇ ಇದ್ದರೆ ಅದೂ ಚರ್ಮ ತೂತಾದ ಲೈನೇ; ಲಾಭ ಬಹುಪಾಲು ಕರಗಿತು. ಹಾಗಾಗಿ ನಿಮ್ಮ ವೈದ್ಯರನ್ನು ಕೇಳಬೇಕಾದ್ದು: ವಾರಕ್ಕೆ ಎಷ್ಟು ಸಲ ಲೈನ್ ಮುಟ್ಟಬೇಕಾಗುತ್ತದೆ, ಎಷ್ಟು ತಿಂಗಳು?

ರಾಯಚೂರು, ಕಲಬುರಗಿಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರುವವರಿಗೆ ಇನ್ನೊಂದು ಲೆಕ್ಕವೂ ಇದೆ. ಬಳಸದಿದ್ದರೂ ಪಿಕ್‌ಗೆ ವಾರಕ್ಕೊಮ್ಮೆಯಾದರೂ ಫ್ಲಷ್ (ಕೊಳವೆಗೆ ಸಲೈನ್ ಹಾಯಿಸಿ ತೊಳೆಯುವುದು) ಮತ್ತು ಡ್ರೆಸ್ಸಿಂಗ್ ಬೇಕು. ಪೋರ್ಟ್‌ಗೆ ನಾಲ್ಕು ವಾರಕ್ಕೊಮ್ಮೆ ಫ್ಲಷ್ ಸಾಕು. ಊರಿನಲ್ಲಿ ಸರಿಯಾಗಿ ಡ್ರೆಸ್ಸಿಂಗ್ ಮಾಡುವ ನರ್ಸ್ ಸಿಗುತ್ತಾರೋ ಇಲ್ಲವೋ ವಿಚಾರಿಸದೆ ಪಿಕ್ ಹಾಕಿಸಿಕೊಂಡು ಬಸ್ ಹತ್ತಬೇಡಿ.

ನಿಭಾಯಿಸುವಾಗ ಕೆಡುವುದು ಹಬ್‌ನಲ್ಲಿ. ಪ್ರತಿ ಸಲ ಸಿರಿಂಜ್ ಜೋಡಿಸುವ ಮುಂಚೆ 70% ಆಲ್ಕೋಹಾಲ್ ಸ್ವ್ಯಾಬ್‌ನಿಂದ 15 ಸೆಕೆಂಡ್ ಗಸಗಸ ಉಜ್ಜಬೇಕು, ಆಮೇಲೆ ಒಣಗಲು ಬಿಡಬೇಕು. ಸುಮ್ಮನೆ ಸವರಿದರೆ ಪ್ರಯೋಜನವಿಲ್ಲ. ಸಿರಿಂಜ್ 10 ಮಿಲಿ ಗಾತ್ರದ್ದೇ ಇರಲಿ, ಚಿಕ್ಕದರ ಒತ್ತಡಕ್ಕೆ ಕೊಳವೆ ಸೀಳಬಹುದು. 10 ಮಿಲಿ ಸಲೈನನ್ನು ಒತ್ತಿ ನಿಲ್ಲಿಸಿ, ಒತ್ತಿ ನಿಲ್ಲಿಸಿ ಕೊಡಬೇಕು. ಒಳಗೋಡೆಗೆ ಅಂಟಿ ಉಳಿದ ರಕ್ತ ಕೀಟಾಣುವಿಗೆ ಊಟ.

ಎಲ್ಲಕ್ಕಿಂತ ಸಿಟ್ಟು ಬರಿಸುವ ಅಭ್ಯಾಸ: 100 ಮಿಲಿ ಸಲೈನ್ ಬಾಟಲಿಗೆ ಸೂಜಿ ಚುಚ್ಚಿಟ್ಟು ಬೆಳಗಿನಿಂದ ಸಂಜೆವರೆಗೆ ಎಲ್ಲರಿಗೂ ಅದರಿಂದಲೇ ಫ್ಲಷ್ ಎಳೆಯುವುದು. ಒಂದು ಬಾಟಲಿ ಕೆಟ್ಟರೆ ಇಡೀ ವಾರ್ಡಿಗೆ ಚಳಿಜ್ವರ. ಒಂದೇ ಸಲ ಬಳಸುವ ಆಂಪೂಲ್ ಅಥವಾ ತುಂಬಿಸಿದ ಸಿರಿಂಜ್ ಕೇಳಿ. ಕೇಳಲು ಸಂಕೋಚ ಬೇಡ.

ಪಾರದರ್ಶಕ ಡ್ರೆಸ್ಸಿಂಗ್ ಏಳು ದಿನಕ್ಕೊಮ್ಮೆ, ಗಾಜ್ ಬಟ್ಟೆಯದಾದರೆ ಎರಡು ದಿನಕ್ಕೊಮ್ಮೆ ಬದಲಿಸಬೇಕು. ಒದ್ದೆಯಾದರೆ, ಅಂಚು ಎದ್ದರೆ ಅಂದೇ. ಹ್ಯೂಬರ್ ಸೂಜಿಗೂ ಏಳು ದಿನವೇ ಗಡುವು. ಶುಚಿಗೆ ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್. ಅರಿಶಿನ, ವಿಭೂತಿ, ಪೌಡರ್ ಆ ಜಾಗದ ಹತ್ತಿರ ಸುಳಿಯಕೂಡದು. ಸ್ನಾನಕ್ಕೆ ಮುಂಚೆ ತೋಳಿಗೆ ಪ್ಲಾಸ್ಟಿಕ್ ಸುತ್ತಿ. ಬೋರ್‌ವೆಲ್ ನೀರಾಗಲಿ, ಕಾವೇರಿ ನೀರಾಗಲಿ ಲೈನ್‌ಗೆ ತಾಗಬಾರದು.

ಫ್ಲಷ್ ಕೊಟ್ಟ ಅರ್ಧ, ಒಂದು ಗಂಟೆಯೊಳಗೆ ಗಡಗಡ ನಡುಕ ಬಂದರೆ ಲೈನನ್ನೇ ಅನುಮಾನಿಸಿ, ತೂತಿನ ಸುತ್ತ ಕೆಂಪು ಇಲ್ಲದಿದ್ದರೂ. ಲೈನ್‌ನಿಂದ ಒಂದು, ಇನ್ನೊಂದು ಕೈಯ ರಕ್ತನಾಳದಿಂದ ಒಂದು, ಸಮ ಪ್ರಮಾಣದ ರಕ್ತವನ್ನು ಒಂದೇ ಹೊತ್ತಿಗೆ ಕಲ್ಚರ್‌ಗೆ (ಕೀಟಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಗೆ) ಕಳಿಸಬೇಕು. ಲೈನ್‌ನದು ಎರಡು ಗಂಟೆ ಅಥವಾ ಹೆಚ್ಚು ಮೊದಲೇ ಪಾಸಿಟಿವ್ ಆದರೆ ಮೂಲ ಲೈನೇ. ಕಲ್ಚರ್‌ನಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಅಥವಾ ಕ್ಯಾಂಡಿಡಾ ಎಂಬ ಶಿಲೀಂಧ್ರ ಬಂದರೆ, ಟನಲ್ ಇಲ್ಲವೇ ಪೋರ್ಟ್ ಕೂತ ಜಾಗ ಕೀವಾದರೆ, ಲೈನ್ ತೆಗೆಸಲೇಬೇಕು. ಕೀಮೋ ನಡೆಯುತ್ತಿರುವವರು 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರಕ್ಕೆ ಡೋಲೋ ನುಂಗಿ ಬೆಳಗಾಗಲಿ ಅಂತ ಕಾಯುವಂತಿಲ್ಲ, ರಾತ್ರಿಯೇ ಎಮರ್ಜೆನ್ಸಿಗೆ ಹೋಗಿ, ಕಲ್ಚರ್ ಕೊಟ್ಟು, ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಹಾಕಿಸಿಕೊಳ್ಳಬೇಕು.