ಡೆಕ್ ಹಾಳಾಗುವುದು ಕೆಳಗಿನಿಂದ

ಡೆಕ್, ಅಂದರೆ ಮನೆಯ ಹೊರಗೆ ಹಲಗೆ ಹಾಸಿದ ಜಗಲಿ, ಮಾಡಿಸಲು ಹೊರಟವರು ಮೊದಲು ನೋಡುವುದು ಹಲಗೆಯ ಬಣ್ಣ. ಆದರೆ ಕೊಳೆತ ಶುರುವಾಗುವುದು ಕಣ್ಣಿಗೆ ಬೀಳದ ಮೂರು ಕಡೆ: ಹಲಗೆ ಜಂತೆಯ ಮೇಲೆ ಕೂರುವ ಜಾಗ, ಕಂಬದ ಬುಡ, ಮನೆಗೋಡೆಗೆ ತೊಲೆ ತಾಗುವ ಅಂಚು. ಮರದ ತೇವಾಂಶ ಶೇ. 20 ದಾಟಿ ಹಾಗೇ ಉಳಿದರೆ ಶಿಲೀಂಧ್ರಕ್ಕೆ ಹಬ್ಬ. ಬಯಲಲ್ಲಿರುವ ಮರ ನೆನೆಯದಂತೆ ತಡೆಯಲಾಗದು, ನೆನೆದದ್ದು ಬೇಗ ಒಣಗುವಂತೆ ಮಾಡಬಹುದು.

ಮಳೆ ಜಾಸ್ತಿಯಿದ್ದಲ್ಲಿ ಒಣಗಿಸಿದ ಹಲಗೆಗಳ ನಡುವೆ 5–6 ಮಿ.ಮೀ. ಸಂದು ಬಿಡಿ. ಬಿಡದಿದ್ದರೆ ಮಳೆಗಾಲದಲ್ಲಿ ಉಬ್ಬಿ ಒಂದನ್ನೊಂದು ನೂಕಿ ಮೇಲೇಳುತ್ತವೆ. ಕೊಳೆಯದಂತೆ ಸಂರಕ್ಷಕ ದ್ರವ ಕುಡಿಸಿ ಇನ್ನೂ ಹಸಿಯಾಗಿರುವ ಹಲಗೆಗೆ ಲೆಕ್ಕ ತಿರುಗುಮುರುಗು: 140 ಮಿ.ಮೀ. ಅಗಲದ್ದು ಒಣಗುವಾಗ 4–5 ಮಿ.ಮೀ. ಕುಗ್ಗಬಹುದು, ಹಾಗಾಗಿ ಒತ್ತಾಗಿಯೇ ಕೂರಿಸಿ. ಜಂತೆಯ ನೆತ್ತಿಗೆ ಬ್ಯುಟೈಲ್ ಟೇಪ್ (ರಬ್ಬರಿನಂಥ ಅಂಟುಪಟ್ಟಿ) ಹಚ್ಚಿ, ಜಂತೆಗಿಂತ ತುಸು ಅಗಲದ್ದು. ಸ್ಕ್ರೂ ತೂತಿನಿಂದ ಇಳಿಯುವ ನೀರಿಗೆ ಅದೇ ತಡೆ. ಡೆಕ್ ಕೆಳಗೆ ಕನಿಷ್ಠ 300 ಮಿ.ಮೀ. ಖಾಲಿ ಜಾಗ ಇರಲಿ, ಅಲ್ಲಿನ ನೆಲವೂ ಮನೆಯಿಂದ ಆಚೆಗೆ ಇಳಿಜಾರಿರಲಿ. ಅಂದಕ್ಕೆಂದು ಸುತ್ತಲೂ ಹಲಗೆ ಬಡಿದು ಮುಚ್ಚುವವರಿದ್ದಾರೆ. ಆಮೇಲೆ ಕೆಳಗೆ ಗಾಳಿಯಾಡದೆ, ಎಷ್ಟು ದುಬಾರಿ ಮರ ಹಾಕಿದರೂ ಪ್ರಯೋಜನವಿಲ್ಲ.

ಗೋಡೆಯ ಅಂಚು ಇನ್ನೂ ಸೂಕ್ಷ್ಮ. ತೊಲೆಯನ್ನು ಗೋಡೆಗೆ ಬೋಲ್ಟ್ ಮಾಡುವುದಾದರೆ ನೀರು ತಡೆಯಲು ಹಾಕುವ ತಗಡಿನ ಪಟ್ಟಿಯ ಮೇಲಂಚು ಗೋಡೆಯ ಹೊರಪದರದ ಒಳಗೆ ಸೇರಬೇಕು, ಕೆಳಂಚು ತೊಲೆಯ ಮೇಲೆ ಬಾಗಿ ಇಳಿಯಬೇಕು. ಬರೀ ಸೀಲೆಂಟ್ (ಸಂದು ತುಂಬುವ ಅಂಟು) ಬಳಿದರೆ ಕೆಲ ವರ್ಷಗಳಲ್ಲಿ ಬಿರಿದು, ನೀರು ಒಳಗೇ ಸಿಕ್ಕಿಬೀಳುತ್ತದೆ. ಜಡಿಮಳೆಯ ಜಾಗದಲ್ಲಂತೂ ಗೋಡೆಯ ಗೊಡವೆಯೇ ಬೇಡ, ಸ್ವಂತ ಕಂಬಗಳ ಮೇಲೆ ನಿಲ್ಲುವ ಡೆಕ್ಕೇ ವಾಸಿ. ಕಂಬವನ್ನು ಕಾಂಕ್ರೀಟಿನಲ್ಲಿ ಹೂಳಬೇಡಿ. ಲೋಹದ ಪಾದದ ಮೇಲೆ, ಕಾಂಕ್ರೀಟಿನಿಂದ 25 ಮಿ.ಮೀ.ಗೂ ಎತ್ತರಕ್ಕೆ ಕೂರಿಸಿದರೆ ಬುಡ ಒಣಗಿರುತ್ತದೆ, ಗೆದ್ದಲು ಹತ್ತಿದರೂ ಮಣ್ಣಿನ ಜಾಡು ಕಾಣುತ್ತದೆ.

ಸುಡುಬಿಸಿಲಿನ ಜಾಗದಲ್ಲಿ ಕಡುಬಣ್ಣದ ಕಾಂಪೋಸಿಟ್ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ) ಹಲಗೆ ಬರಿಗಾಲಿಗೆ ಆಗದು. ಅದು ಉದ್ದಕ್ಕೂ ಹಿಗ್ಗುತ್ತದೆ: 4 ಮೀಟರಿನದು 40 ಡಿಗ್ರಿ ಏರಿಳಿತಕ್ಕೆ ಸುಮಾರು 5–8 ಮಿ.ಮೀ. ತುದಿಯ ಸಂದನ್ನು ಹಲಗೆ ಕೂರಿಸುವ ದಿನದ ಬಿಸಿ ನೋಡಿ ತಯಾರಕರ ಪಟ್ಟಿಯಂತೆ ಬಿಡಬೇಕು. ಮರಕ್ಕಾದರೆ ವಾರ್ನಿಶ್ ಬೇಡ, ಬಿಸಿಲಿಗೆ ಪದರ ಬಿರಿದು ಅಡಿಯಲ್ಲಿ ನೀರು ಕೂರುತ್ತದೆ. ಬಣ್ಣ ಬೆರೆತ ಎಣ್ಣೆ ಹಚ್ಚಿ.

ಹಿಮಗಟ್ಟುವ ಕಡೆ ಪಾಯ ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗಿಳಿಯಬೇಕು, ಇಲ್ಲವಾದರೆ ಕಂಬಗಳು ಒಂದೊಂದೂ ಒಂದೊಂದು ಮಟ್ಟಕ್ಕೆ ಎದ್ದು ನಿಲ್ಲುತ್ತವೆ.

ಕಡಲ ಹತ್ತಿರ 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ; 304 ದರ್ಜೆಯದು ಕಂದು ಕಲೆ ಬಿಡುತ್ತದೆ. ತಾಮ್ರದ ಸಂರಕ್ಷಕ ಕುಡಿದ ಮರ ತೆಳು ಸತುವಿನ ಲೇಪದ ಸ್ಕ್ರೂವನ್ನು ಎಲ್ಲೇ ಆದರೂ ತಿಂದುಹಾಕುತ್ತದೆ. ಇನ್ನು ಗರಗಸ ಹಾಕಿದ ಪ್ರತಿ ತುದಿಗೂ ಜೋಡಿಸುವ ಮೊದಲೇ ಸಂರಕ್ಷಕ ಬಳಿಸಿ. ಜೋಡಿಸಿದ ಮೇಲೆ ಅಲ್ಲಿಗೆ ಬ್ರಷ್ ಹೋಗುವುದಿಲ್ಲ.