ಊಟದ ಬೆಲ್ ಹೊಡೆದರೂ ಹಸಿವಾಗದ ಮಗು

ಕಾಯಿ ಚಿತ್ರಾನ್ನ ಬೆಳಿಗ್ಗೆ ನಾನು ತುಂಬಿಸಿದ ಹಾಗೇ ವಾಪಸ್ ಬಂದಿತ್ತು. ಆರಿಸಿ ಆರಿಸಿ ತಿನ್ನುವ ಕಡಲೆಬೀಜವನ್ನೂ ಮಗ ಮುಟ್ಟಿರಲಿಲ್ಲ. ಎಡಿಎಚ್‌ಡಿಗೆ, ಅಂದರೆ ಒಂದು ಕಡೆ ಗಮನ ನಿಲ್ಲದೆ ಚಡಪಡಿಸುವ ತೊಂದರೆಗೆ, ಮಾತ್ರೆ ಶುರು ಮಾಡಿದ ಮೊದಲ ವಾರ ಅದು.

"ಯಾಕೋ, ತಿಂದೇ ಇಲ್ಲ?"

"ಹಸಿವೇ ಆಗ್ಲಿಲ್ಲಮ್ಮ. ಎಲ್ಲರೂ ತಿಂತಿದ್ರು. ನಂಗೆ ಅನ್ನ ನೋಡಿದ್ರೂ ಏನೂ ಅನ್ನಿಸ್ಲಿಲ್ಲ."

ಅದೇ ದಿನ ಗಣಿತದ ಪುಸ್ತಕದಲ್ಲಿ ಇಡೀ ಪುಟ ಲೆಕ್ಕ ಮುಗಿಸಿದ್ದ. ಮೊದಲೆಲ್ಲ ಎರಡು ಲೆಕ್ಕ ಆಗುವಷ್ಟರಲ್ಲಿ ಪೆನ್ಸಿಲ್ ಬಿಟ್ಟು ಏಳುತ್ತಿದ್ದ ಹುಡುಗ. ಖುಷಿಪಡಬೇಕೋ ಹೆದರಬೇಕೋ ಗೊತ್ತಾಗಲಿಲ್ಲ. ಅತ್ತೆ ಆಗಲೇ ಉಪ್ಪು, ಒಣಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯಲು ಬಂದಿದ್ದರು. ತೆಗೆಯಲಿ ಬಿಡಿ, ಅದು ಅವರ ಪ್ರೀತಿ. ಸಂಜೆ ಅವರನ್ನೂ ಕರೆದುಕೊಂಡು ಡಾಕ್ಟರ್ ಹತ್ತಿರ ಹೋದೆವು.

ಡಾಕ್ಟರ್ ಒಂದು ಹಾಳೆಯ ಮೇಲೆ ಮೆದುಳಿನ ಚಿತ್ರ ಬರೆದರು. ಮೀಥೈಲ್‌ಫೆನಿಡೇಟ್ ಅನ್ನುವ ಮಗನ ಮಾತ್ರೆ ಮಾಡುವ ಕೆಲಸ ಇಷ್ಟು: ನರಕೋಶಗಳು ಹೊರಗೆ ಬಿಟ್ಟ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಬೇಗ ವಾಪಸ್ ಹೋಗದ ಹಾಗೆ ತಡೆಯುವುದು. ಹಣೆಯ ಹಿಂದಿನ ಭಾಗದಲ್ಲಿ ಅವು ಜಾಸ್ತಿ ಹೊತ್ತು ಉಳಿದರೆ ಗಮನ ನಿಲ್ಲುತ್ತದೆ. ಆದರೆ ಮಾತ್ರೆ ಅಲ್ಲಿಗಷ್ಟೇ ಹೋಗಿ ನಿಲ್ಲುವುದಿಲ್ಲ, ಅಲ್ವಾ? ಮೆದುಳಿನ ತಳದಲ್ಲಿ ಬಾದಾಮಿಯಷ್ಟು ದೊಡ್ಡ ಹೈಪೋಥಲಮಸ್ ಇದೆ. ಹಸಿವು, ಹೊಟ್ಟೆ ತುಂಬಿದ ಲೆಕ್ಕವನ್ನೆಲ್ಲ ನೋಡಿಕೊಳ್ಳುವುದು ಅದು. ಇದೇ ರಾಸಾಯನಿಕಗಳು ಅಲ್ಲೂ ಕೆಲಸ ಮಾಡುತ್ತವೆ. ಹೊಟ್ಟೆ ಖಾಲಿ ಇದ್ದರೂ ತಿನ್ನಬೇಕೆಂಬ ಒತ್ತಡ ಹುಟ್ಟುವುದಿಲ್ಲ. ಊಟ ಕಂಡಾಗ ಆಗುವ ಆಸೆಯೂ ತಗ್ಗುತ್ತದೆ.

ಮನೆಗೆ ಬಂದು ಓದಿದೆ. 1951ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನಮ್ಮ ದೇಶದ ವಿಜ್ಞಾನಿ ಬಿ.ಕೆ. ಆನಂದ್ ಮತ್ತು ಅಲ್ಲಿನ ಜಾನ್ ಬ್ರೋಬೆಕ್ ಇಲಿಗಳ ಹೈಪೋಥಲಮಸ್‌ನ ಎರಡೂ ಪಕ್ಕದ ಒಂದು ಚಿಕ್ಕ ಜಾಗಕ್ಕೆ ಪೆಟ್ಟು ಮಾಡಿ ನೋಡಿದ್ದರು. ಇಲಿಗಳು ತಿನ್ನುವುದನ್ನೇ ಬಿಟ್ಟವು. ಆನಂದ್ ಮುಂದೆ ದೆಹಲಿಯ ಏಮ್ಸ್‌ನಲ್ಲಿ ಶರೀರಕ್ರಿಯಾ ವಿಭಾಗ ಕಟ್ಟಿದರು. ಮಾತ್ರೆ ಮೆದುಳಿಗೆ ಹಾಗೆ ಪೆಟ್ಟು ಮಾಡುವುದಿಲ್ಲ. ಅದರ ಪ್ರಭಾವ ಕೆಲವು ಗಂಟೆಗಳದ್ದು, ಇಳಿದ ಮೇಲೆ ಹಸಿವು ತಾನಾಗಿ ಬರುತ್ತದೆ. ಆದರೂ "ಅನ್ನ ನೋಡಿದ್ರೂ ಏನೂ ಅನ್ನಿಸ್ಲಿಲ್ಲ" ಅಂತ ಮಗ ಹೇಳಿದ್ದು ಎಷ್ಟು ನಿಜ ಅಂತ ಆಗ ಅರ್ಥವಾಯಿತು. ಇದು ಹಠವಲ್ಲ. ಇಂಥ ಮಕ್ಕಳನ್ನು ತಟ್ಟೆ ಮುಂದೆ ಕೂರಿಸಿ ಗದರಿಸುವುದನ್ನು ನೋಡಿದರೆ ನನಗೆ ಈಗ ತುಂಬಾ ಸಂಕಟವಾಗುತ್ತದೆ.

ಇದೇ ಬಗೆಯ ಆಂಫೆಟಮಿನ್ ಮಾತ್ರೆಗಳನ್ನು ಒಂದು ಕಾಲದಲ್ಲಿ ಅಮೆರಿಕದಲ್ಲಿ ತೆಳ್ಳಗಾಗಲೆಂದೇ ಕೊಡುತ್ತಿದ್ದರು. ಎಷ್ಟೋ ಜನ ಅದರ ಚಟಕ್ಕೆ ಬಿದ್ದರು. ಅದಕ್ಕೇ ಹೇಳುತ್ತೇನೆ, ತೂಕ ಇಳಿಯುತ್ತದೆ ಅಂತ ಯಾರೂ ಸುಮ್ನೆ ಇಂಥ ಮಾತ್ರೆಗೆ ಕೈ ಹಾಕಬೇಡಿ.

ಡಾಕ್ಟರ್ ಹೇಳಿದ ಉಪಾಯ ಸುಲಭದ್ದು. ಮೊದಲು ತಿಂಡಿ, ಆಮೇಲೆ ಮಾತ್ರೆ. ಈಗ ಬೆಳಿಗ್ಗೆ ತುಪ್ಪ ಹಾಕಿದ ದೋಸೆ, ಮೊಟ್ಟೆ, ಹಾಲು ಹೊಟ್ಟೆ ತುಂಬಾ ಹೋಗುತ್ತದೆ. ಮಧ್ಯಾಹ್ನಕ್ಕೆ ಬಾಳೆಹಣ್ಣು, ಕಡಲೆ ಚಿಕ್ಕಿ, ಚಿಕ್ಕದೊಂದು ಚಪಾತಿ ಸುರುಳಿ. ಎಷ್ಟು ತಿಂದರೆ ಅಷ್ಟು. ಸಂಜೆ ಏಳಾಗುತ್ತಿದ್ದ ಹಾಗೆ ಅಡುಗೆಮನೆಗೆ ಬಂದು ಪಾತ್ರೆಗಳ ಮುಚ್ಚಳ ಎತ್ತಿ ನೋಡಲು ಶುರು ಮಾಡುತ್ತಾನೆ.

"ಮಲಗೋ ಹೊತ್ತಲ್ಲಿ ಮತ್ತೆ ಊಟ ಕೇಳಿದ್ರೆ ಕೊಡಬಹುದಾ ಡಾಕ್ಟ್ರೇ?" ಅಂತ ಅತ್ತೆ ಅವತ್ತೇ ಕೇಳಿದ್ದರು. "ಧಾರಾಳವಾಗಿ ಕೊಡಿ ಅಜ್ಜಿ, ಹಸಿದಾಗಲೇ ಕೊಡಬೇಕು" ಅಂದರು. ರಾತ್ರಿಯ ಮೊಸರನ್ನ ಈಗ ಪೂರ್ತಿ ಅತ್ತೆಯ ಖಾತೆ. ಡಾಕ್ಟರ್ ಪ್ರತಿ ಸಲ ಎತ್ತರ, ತೂಕ ನೋಡಿ ಬರೆದಿಡುತ್ತಾರೆ. ಬೆಳವಣಿಗೆ ಹಿಂದೆ ಬಿದ್ದರೆ ಡೋಸ್ ಅವರೇ ಬದಲಿಸುತ್ತಾರಂತೆ, ನಾವಾಗಿ ನಿಲ್ಲಿಸುವ ಹಾಗಿಲ್ಲ.